ಆರರವರೆಗೆ ಏರಿ ಇಳಿದ ಸಂಖ್ಯೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಬಳಗದವರು ಕೇಳಿದರು. ಶಾಲೆಯ ಅಂಗಳ, ಬೆಳಗಿನ ಪ್ರಾರ್ಥನೆ, ಷಷ್ಠಿ ಜಾತ್ರೆಯ ರಜೆ, ಬೇಸಿಗೆಯಲ್ಲಿ ಬತ್ತಿ ಮರಳಾಗುವ ಪಿನಾಕಿನಿ ಇವುಗಳನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲೇ ಇದ್ದಾರೆ. ನನ್ನ ಕಸುಬು ಸಾಫ್ಟ್‌ವೇರ್. ದಿನವಿಡೀ ಸಂಖ್ಯೆಗಳ ಜೊತೆಗೇ ಇರುವವನು ನಾನು. ಆದ್ದರಿಂದ ಒಂದು ಸಂಖ್ಯೆಯ ಚರಿತ್ರೆಯನ್ನೇ ಬರೆಯುತ್ತೇನೆಂದು ಒಪ್ಪಿಕೊಂಡೆ. ರಾಜರಿಗೆ ಚರಿತ್ರೆಯಿದೆ, ಕೋಟೆಗಳಿಗಿದೆ, ನಮ್ಮ ಪಾವಗಡದ ಬೆಟ್ಟಕ್ಕಿದೆ. ಒಂದು ಸಂಖ್ಯೆಗೂ ಇದೆ.

ಆ ಸಂಖ್ಯೆ 12345654321.

ನಮ್ಮ ರೀತಿಯಲ್ಲಿ ಓದಿದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಹೊರಟು ಆರರವರೆಗೆ ಏರಿ, ಬಂದ ದಾರಿಯಲ್ಲೇ ಒಂದಕ್ಕೆ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎಷ್ಟು ದೊಡ್ಡದು ಎಂದು ಅಂದಾಜಿಗೆ ಬೇಕಾದರೆ ನಮ್ಮ ಹೋಬಳಿಯ ತಿರುಮಣಿಯ ಸೋಲಾರ್ ಪಾರ್ಕನ್ನೇ ಅಳತೆಗೆ ಇಟ್ಟುಕೊಳ್ಳಿ. ಅದರ ಸಾಮರ್ಥ್ಯ 2050 ಮೆಗಾವ್ಯಾಟ್, ಅಂದರೆ 205 ಕೋಟಿ ವ್ಯಾಟ್. ಅಂಥ ಆರು ಪಾರ್ಕುಗಳನ್ನು ಕೂಡಿಸಿದರೂ ನಮ್ಮ ಸಂಖ್ಯೆಗೆ ಇನ್ನೂ ನಾಲ್ಕೂವರೆ ಕೋಟಿ ಕಡಿಮೆ ಬೀಳುತ್ತದೆ. ಸೆಕೆಂಡಿಗೊಂದರಂತೆ ಎಣಿಸುತ್ತ ಹೋದರೆ, ಊಟ ನಿದ್ದೆ ಬಿಟ್ಟು ಎಣಿಸಿದರೂ, ಸುಮಾರು 391 ವರ್ಷ ಬೇಕು. ಈಗ ಎಣಿಕೆ ಮುಗಿಯಬೇಕಾದರೆ, ಶಿರಾ ಸೀಮೆ ಬಿಜಾಪುರದ ಸೈನ್ಯದ ಕೈಗೆ ಬಿದ್ದ 1630ರ ದಶಕದಲ್ಲೇ ಶುರು ಮಾಡಿರಬೇಕಿತ್ತು.

ಈ ಸಂಖ್ಯೆ ಎಲ್ಲಿ ಸಿಕ್ಕುತ್ತದೆ? ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಎಂಬ ಪುಸ್ತಕದಲ್ಲಿ. ಅವನು ಜೈನ. ಪುಸ್ತಕದ ಆರಂಭದಲ್ಲಿ ಅವನು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ನೃಪತುಂಗ ಎಂದ ಕೂಡಲೇ ನಮಗೆ ನೆನಪಾಗುವುದು 'ಕವಿರಾಜಮಾರ್ಗ'. ಕನ್ನಡದ ಮೊದಲ ಗ್ರಂಥ ಯಾವುದು ಎಂಬ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬರೆದ ಉತ್ತರ ಅದು. ಅದೇ ದೊರೆಯ ಆಳ್ವಿಕೆಯಲ್ಲಿ, 814ರಿಂದ 878ರವರೆಗಿನ ಆ ಅರವತ್ತನಾಲ್ಕು ವರ್ಷಗಳಲ್ಲೇ, ಭಾರತದ ದೊಡ್ಡ ಗಣಿತ ಗ್ರಂಥಗಳಲ್ಲಿ ಒಂದು ಕೂಡ ಹುಟ್ಟಿತು ಎಂಬುದನ್ನು ನಾನು ಶಾಲೆಯಲ್ಲಿ ಕೇಳಿದ ನೆನಪಿಲ್ಲ. ಕನ್ನಡ ಪಾಠದಲ್ಲಿ ಅದು ಬರಲಿಲ್ಲ, ಏಕೆಂದರೆ ಅದು ಗಣಿತ. ಗಣಿತ ಪಾಠದಲ್ಲೂ ಬರಲಿಲ್ಲ, ಏಕೆಂದರೆ ಅದು ಚರಿತ್ರೆ. ಎರಡು ಪೀರಿಯಡ್‌ಗಳ ನಡುವಿನ ಗಂಟೆಯಲ್ಲಿ ಬಿದ್ದುಹೋಯಿತು.

ಮಹಾವೀರಾಚಾರ್ಯನ ಪುಸ್ತಕ ಖಗೋಳದ ಪುಸ್ತಕವಲ್ಲ. ಅವನಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತ ಗಣಿತವನ್ನು ಬರೆದದ್ದು ಗ್ರಹ ನಕ್ಷತ್ರಗಳ ಲೆಕ್ಕದ ಒಂದು ಭಾಗವಾಗಿ. ಇವನು ಗಣಿತವನ್ನೇ ಪ್ರತ್ಯೇಕವಾಗಿ ತೆಗೆದುಕೊಂಡು, ಇಡೀ ಪುಸ್ತಕ ಅದಕ್ಕೇ ಮೀಸಲಿಟ್ಟ. ಗುಣಾಕಾರ, ಭಾಗಾಕಾರ, ವರ್ಗ, ಘನ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಹೊಲದ ಅಳತೆ, ಗುಂಡಿ ತೋಡಿದ ಲೆಕ್ಕ, ನೆರಳಿನ ಲೆಕ್ಕ ಎಲ್ಲ ಅದರಲ್ಲಿವೆ. ಅಂದರೆ ನಮ್ಮ ಪಠ್ಯಪುಸ್ತಕದ ಹಾಗೆಯೇ. ಉದಾಹರಣೆಗಳಲ್ಲಿ ಬಸದಿಗೆ ಅರ್ಪಿಸುವ ರತ್ನಗಳಿವೆ, ತಾವರೆಗಳಿವೆ, ಮಾವಿನ ಹಣ್ಣುಗಳಿವೆ.

ಗುಣಾಕಾರದ ಅಧ್ಯಾಯದಲ್ಲಿ ಅವನು ಒಂದಿಷ್ಟು ವಿಶೇಷ ಲೆಕ್ಕಗಳನ್ನು ಕೊಡುತ್ತಾನೆ. 27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸು ಎನ್ನುತ್ತಾನೆ. ಎರಡೂ ನೋಡಲು ಯಾವ ಚಂದವೂ ಇಲ್ಲದ ಸಂಖ್ಯೆಗಳು. ಗುಣಿಸಿದರೆ ಬರುವುದು ನಮ್ಮ 12345654321. 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. 12345679ನ್ನು (ಇದರಲ್ಲಿ 8 ಇಲ್ಲದಿರುವುದನ್ನು ಗಮನಿಸಿ) 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ಇಂಥ ಗುಣಲಬ್ಧಗಳನ್ನು ಅವನು ಕಂಠಿಕೆ, ಅಂದರೆ ಕೊರಳಿನ ಹಾರ ಎಂದು ಕರೆಯುತ್ತಾನೆ. ರಾಜನ ಕೊರಳಿಗೆ ತಕ್ಕ ಹಾರ. ಮಣಿಗಳನ್ನು ಎರಡೂ ಕಡೆಗೆ ಸಮನಾಗಿ ಪೋಣಿಸಿ, ನಡುವೆ ದೊಡ್ಡದೊಂದು ಪದಕ ಇಟ್ಟಂತೆ 12345654321 ಕಾಣುವುದು ನಿಜ. ನಡುವಿನ 6 ಪದಕ.

ಈಗ ನನ್ನ ಕುತೂಹಲದ ವಿಷಯಕ್ಕೆ ಬರುತ್ತೇನೆ. ಇದು ಆಕಸ್ಮಿಕವಾಗಿ ಸಿಕ್ಕಿದ್ದೇ, ಬೇಕೆಂದೇ ಮಾಡಿದ್ದೇ? ಸಂಖ್ಯೆಯನ್ನು ಒಡೆದು ನೋಡಿದರೆ ಉತ್ತರ ಅದರೊಳಗೇ ಇದೆ.

111111ನ್ನು ಅದರಿಂದಲೇ ಗುಣಿಸಿ ನೋಡಿ. ಶಾಲೆಯಲ್ಲಿ ಕಲಿಸಿದ ಹಾಗೆ, ಒಂದು ಸಾಲಿನ ಕೆಳಗೆ ಇನ್ನೊಂದು ಸಾಲನ್ನು ಒಂದು ಮನೆ ಎಡಕ್ಕೆ ಸರಿಸುತ್ತ ಆರು ಸಾಲು ಬರೆಯಿರಿ. ಎಲ್ಲ ಸಾಲುಗಳಲ್ಲೂ ಬರೀ ಒಂದುಗಳೇ. ಈಗ ಕಂಬ ಕಂಬವಾಗಿ ಕೂಡಿಸಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಡುವಿನ ಕಂಬದಲ್ಲಿ ಆರು ಸಾಲುಗಳೂ ಸೇರುತ್ತವೆ, ಅಲ್ಲಿಂದ ಮುಂದೆ ಒಂದೊಂದೇ ಸಾಲು ಕಡಿಮೆಯಾಗುತ್ತದೆ. ಆದ್ದರಿಂದ 12345654321 ಎಂದರೆ 111111ರ ವರ್ಗ. ಏರಿಳಿತದ ಗುಟ್ಟು ಇಷ್ಟೇ. ಅದರ ಅಂಕಿಗಳನ್ನೆಲ್ಲ ಕೂಡಿಸಿದರೆ 36, ಅದು 6ರ ವರ್ಗ. ಆರು ಸಾಲು, ಸಾಲಿಗೆ ಆರು ಒಂದುಗಳಿರುವಾಗ ಮತ್ತೆಷ್ಟು ಬರಬೇಕು?

ಇನ್ನು 111111ನ್ನು ಒಡೆಯೋಣ. 3ರಿಂದ ಭಾಗಿಸಿದರೆ 37037. ಅದನ್ನು 7ರಿಂದ ಭಾಗಿಸಿದರೆ 5291. ಅದನ್ನು 11ರಿಂದ ಭಾಗಿಸಿದರೆ 481. ಅದನ್ನು 13ರಿಂದ ಭಾಗಿಸಿದರೆ 37. ಅಲ್ಲಿಗೆ ಮುಗಿಯಿತು, 37 ಅವಿಭಾಜ್ಯ. ಹೀಗೆ 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಮಹಾವೀರಾಚಾರ್ಯ ಮಾಡಿದ್ದು ಏನೆಂದರೆ, 3 ಮತ್ತು 7ನ್ನು ಒಂದು ಕಡೆ ಇಟ್ಟ: ಅದು 21, ವರ್ಗ ಮಾಡಿದರೆ 441. ಉಳಿದ 11, 13, 37ನ್ನು ಇನ್ನೊಂದು ಕಡೆ ಇಟ್ಟ: ಅದು 5291, ವರ್ಗ ಮಾಡಿದರೆ 27994681. ಎರಡೂ ತಾಳೆಯಾಗುತ್ತವೆ. ಹಾರವನ್ನು ಮೊದಲು ಮಾಡಿ, ಆಮೇಲೆ ದಾರ ಬಿಚ್ಚಿ ಮಣಿಗಳನ್ನು ಎರಡು ಡಬ್ಬಿಗೆ ಹಾಕಿ, ಈಗ ಪೋಣಿಸು ನೋಡೋಣ ಎಂದು ಹುಡುಗರ ಕೈಗೆ ಕೊಟ್ಟ ಮೇಷ್ಟ್ರ ಕೆಲಸ ಇದು. ಆಕಸ್ಮಿಕವಾಗಿ ಇಂಥದ್ದು ಸಿಕ್ಕುವುದಿಲ್ಲ.

ಆರಕ್ಕೇ ಏಕೆ ನಿಲ್ಲಿಸಿದ? ಒಂಬತ್ತರವರೆಗೂ ಏರಿಸಬಹುದಿತ್ತು, 12345678987654321 ಕೂಡ ಇಷ್ಟೇ ಚಂದದ ಹಾರ. ಒಡೆದು ನೋಡಿದರೆ ಇದಕ್ಕೂ ಕಾರಣ ಹೊಳೆಯುತ್ತದೆ. ನಾಲ್ಕು ಒಂದುಗಳು, 1111, ಒಡೆದರೆ 11 ಮತ್ತು 101 ಮಾತ್ರ. ಐದು ಒಂದುಗಳು 41 ಮತ್ತು 271. ಒಂಬತ್ತು ಒಂದುಗಳಲ್ಲಿ 9 ಮತ್ತು 37ನ್ನು ತೆಗೆದರೆ 333667 ಎಂಬ ಒಡೆಯದ ಗುಂಡುಕಲ್ಲೊಂದು ಉಳಿದುಬಿಡುತ್ತದೆ. ಆದರೆ ಆರು ಒಂದುಗಳಲ್ಲಿ ಐದು ಬೇರೆ ಬೇರೆ ಸಣ್ಣ ಅವಿಭಾಜ್ಯಗಳಿವೆ. ಅದರ ವರ್ಗವಾದ 12345654321ಕ್ಕೆ ಒಟ್ಟು 243 ಭಾಜಕಗಳು. ಎರಡು ಸಂಖ್ಯೆಗಳ ಗುಣಾಕಾರವಾಗಿ ಇದನ್ನು 122 ರೀತಿಯಲ್ಲಿ ಬರೆಯಬಹುದು. ಬಚ್ಚಿಡಲು ಇಷ್ಟು ಜಾಗ ಇರುವ ಸಂಖ್ಯೆಯನ್ನೇ ಅವನು ಆರಿಸಿಕೊಂಡ. ಒಂಬತ್ತನ್ನು ದಾಟಿದರಂತೂ ಹಾರವೇ ಹರಿದುಹೋಗುತ್ತದೆ. ಹತ್ತು ಒಂದುಗಳ ವರ್ಗ 1234567900987654321. ನಡುವಿನ ಕಂಬದಲ್ಲಿ ಹತ್ತು ಬಂದು, ದಶಕ ಪಕ್ಕದ ಮನೆಗೆ ಹೋಗಿ ಚಂದವೆಲ್ಲ ಕೆಡುತ್ತದೆ.

ಕಂಪ್ಯೂಟರಿನ ಕಡೆಯಿಂದ ಒಂದು ಮಾತು. ಹಳೆಯ ಪ್ರೋಗ್ರಾಮುಗಳಲ್ಲಿ ಪೂರ್ಣಾಂಕಕ್ಕೆ 32 ಬಿಟ್ ಜಾಗ ಇಡುವುದು ರೂಢಿ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4294967295. ಮಹಾವೀರಾಚಾರ್ಯನ ಹಾರಕ್ಕೆ 34 ಬಿಟ್ ಬೇಕು. ಅಂದರೆ ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಶಾಲಾ ಲೆಕ್ಕವನ್ನು ಅಂಥ ಪ್ರೋಗ್ರಾಮಿಗೆ ಕೊಟ್ಟರೆ ಅದು ತಪ್ಪು ಉತ್ತರ ಹೇಳುತ್ತದೆ, ಅದೂ ನಾಚಿಕೆಯಿಲ್ಲದೆ.

ಅಂದು ಅಂಕಿಗಳನ್ನು ಶ್ಲೋಕದಲ್ಲಿ ಹೇಳುತ್ತಿದ್ದ ರೀತಿಯೂ ಸ್ವಾರಸ್ಯದ್ದು. ಒಂದೊಂದು ಅಂಕಿಗೂ ಬದಲಿ ಪದಗಳಿದ್ದವು. ಚಂದ್ರ ಎಂದರೆ ಒಂದು, ಏಕೆಂದರೆ ಚಂದ್ರ ಒಬ್ಬನೇ. ಕಣ್ಣು ಎಂದರೆ ಎರಡು, ಅಗ್ನಿ ಎಂದರೆ ಮೂರು, ಋತು ಎಂದರೆ ಆರು, ಆಕಾಶ ಎಂದರೆ ಸೊನ್ನೆ. ಬಿಡಿ ಸ್ಥಾನದಿಂದ ಶುರುಮಾಡಿ ಹೇಳಬೇಕು. 'ಅಗ್ನಿ, ಗಿರಿ' ಎಂದರೆ ಬಿಡಿಯಲ್ಲಿ 3, ಹತ್ತರಲ್ಲಿ 7, ಒಟ್ಟು 73. ಗಿರಿಗೆ ಇನ್ನೊಂದು ಹೆಸರು ನಗ, ಅದು ಏಳು. ನಾಗ ಎಂದರೆ ಎಂಟು. ಒಂದು ದೀರ್ಘ ಹೆಚ್ಚಾದರೆ ಲೆಕ್ಕವೇ ಬದಲು! ನಾಗಲಮಡಿಕೆಯ ಹೆಸರಿನ ಮೊದಲಲ್ಲೇ ಒಂದು ಎಂಟು ಕೂತಿದೆ ಎಂದು ತಿಳಿದಾಗ ನನಗೆ ಖುಷಿಯಾಗಿತ್ತು, ಅದನ್ನು ಇಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ.

ಮೇಲುನೋಟಕ್ಕೆ ಇದು ಕವಿತ್ವದ ಚಪಲದಂತೆ ಕಾಣುತ್ತದೆ. ಆದರೆ ಓಲೆಗರಿಯಿಂದ ಓಲೆಗರಿಗೆ ನಕಲು ಮಾಡುವಾಗ ಅಂಕಿಯೊಂದು ತಪ್ಪಿದರೆ ಪತ್ತೆ ಹಚ್ಚುವುದು ಕಷ್ಟ. 7ನ್ನು 1 ಎಂದು ಓದಿದರೂ ಸಾಲು ಸರಿಯಾಗಿಯೇ ಕಾಣುತ್ತದೆ. ಪದಗಳಲ್ಲಿ ಬರೆದರೆ ಹಾಗಲ್ಲ. ನಾಗದ ಜಾಗದಲ್ಲಿ ನಗ ಬರೆದರೆ ಛಂದಸ್ಸು ಮುಗ್ಗರಿಸುತ್ತದೆ, ಓದುವವನ ಕಿವಿಗೆ ಗೊತ್ತಾಗುತ್ತದೆ. ನಾವು ಇಂದು ಸಂಖ್ಯೆಗಳ ಕೊನೆಯಲ್ಲಿ ತಾಳೆಯ ಅಂಕಿಯೊಂದನ್ನು ಸೇರಿಸುತ್ತೇವೆ. ನಿಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಅಂಥದ್ದೇ, ಮೊದಲ ಹನ್ನೊಂದನ್ನು ಟೈಪ್ ಮಾಡುವಾಗ ಎಡವಿದರೆ ಹಿಡಿಯುವುದಕ್ಕೆ ಇರುವುದು. ಆ ಕಾಲದಲ್ಲಿ ಆ ಕೆಲಸವನ್ನು ಛಂದಸ್ಸು ಮಾಡುತ್ತಿತ್ತು.

ಪುಸ್ತಕ ಉಳಿದು ಬಂದ ಬಗೆಯನ್ನೂ ಹೇಳಬೇಕು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಮೊದಲಾದ ಪುಸ್ತಕಗಳನ್ನು ಕನ್ನಡದಲ್ಲೇ ಬರೆದ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗನೆಂದು ನಮ್ಮ ಸಾಹಿತ್ಯ ಚರಿತ್ರೆಗಳು ಗುರುತಿಸುವುದು ಅವನನ್ನೇ. ಮನೆಯಲ್ಲಿ ಒಕಟಿ, ರೆಂಡು ಎಂದು ಎಣಿಸಿ, ಶಾಲೆಗೆ ಬಂದು ಒಂದು, ಎರಡು ಎಂದು ಮಗ್ಗಿ ಒಪ್ಪಿಸುವ ನಮ್ಮ ಗಡಿಯ ಮಕ್ಕಳಿಗೆ ಎರಡು ಕಡೆಯಿಂದಲೂ ಹಕ್ಕಿದೆ ಎನ್ನಿ. ಮೂಲ ಸಂಸ್ಕೃತ ಪುಸ್ತಕ ಅಚ್ಚಾದದ್ದು 1912ರಲ್ಲಿ, ಮದ್ರಾಸಿನಲ್ಲಿ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಅವರಿಗೆ ನೆರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು, ಕನ್ನಡದಲ್ಲಿ ಟೀಕೆ ಬರೆದದ್ದೂ ಇತ್ತು. ಸಂಸ್ಕೃತದ ಲೆಕ್ಕವನ್ನು ಯಾರೋ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು, ಯಾರೋ ಕೂತು ಕಲಿಯುತ್ತಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕನ್ನಡ ಅನುವಾದದೊಂದಿಗೆ ಇಡೀ ಪುಸ್ತಕ ಬಂದದ್ದು 2000ದಲ್ಲಿ. ಪದ್ಮಾವತಮ್ಮನವರು ಸಿದ್ಧಪಡಿಸಿದ ಅದನ್ನು ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಪ್ರಕಟಿಸಿತು. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಬರಬೇಕೆಂಬುದು ನನ್ನ ಆಸೆ, ಅದರ ಖರ್ಚು ನನ್ನದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರವೂ ಬೇಕು. ನಮ್ಮ ಪೂರ್ವಿಕರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು, ಪಶ್ಚಿಮದವರು ಕದ್ದರು ಎಂಬ ಧಾಟಿಯ ಸಂದೇಶಗಳು ದಿನಕ್ಕೆ ನಾಲ್ಕು ನನ್ನ ಮೊಬೈಲಿಗೂ ಬರುತ್ತವೆ. ಇದೇ ಮಹಾವೀರಾಚಾರ್ಯ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಬರೆದಿದ್ದಾನೆ. ಅದು ತಪ್ಪು. ಇಂದು ಹತ್ತನೆಯ ತರಗತಿಯಲ್ಲಿ ಹಾಗೆ ಬರೆದರೆ ಅಂಕ ಸಿಗುವುದಿಲ್ಲ. ಅದೇ ಪುಸ್ತಕದಲ್ಲಿ, ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಸ್ಪಷ್ಟವಾಗಿ ಬರೆದಿದ್ದಾನೆ, ಅದು ಅವನ ಕಾಲಕ್ಕೆ ದೊಡ್ಡ ಮಾತು. ಎರಡನ್ನೂ ಹೇಳಿದರೆ ಅವನ ಗೌರವ ಕಡಿಮೆಯಾಗುವುದಿಲ್ಲ. ಹಾರದ ಲೆಕ್ಕಗಳ ಸೊಗಸು ಇರುವುದೂ ಇಲ್ಲೇ. ಅದನ್ನು ನಂಬಬೇಕಾಗಿಲ್ಲ. ಪೆನ್ಸಿಲು ಹಿಡಿದು 27994681ನ್ನು 441ರಿಂದ ಗುಣಿಸಿದರೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹತ್ತು ನಿಮಿಷದಲ್ಲಿ ತಾನೇ ತೀರ್ಪು ಕೊಡಬಹುದು.

ಮಹಾವೀರಾಚಾರ್ಯ ಸಂಖ್ಯೆಗಳ ಸ್ಥಾನಗಳಿಗೆ 24 ಹೆಸರುಗಳನ್ನು ಪಟ್ಟಿ ಮಾಡಿದ್ದಾನೆ. ಏಕ, ದಶ, ಶತ, ಸಹಸ್ರ ಎಂದು ಹೊರಟು ಎಂಟನೆಯದು ಕೋಟಿ, ಹನ್ನೊಂದನೆಯದು ಅರ್ಬುದ, ಇಪ್ಪತ್ತನಾಲ್ಕನೆಯದು ಮಹಾಕ್ಷೋಭ. ಒಂದರ ಮುಂದೆ 23 ಸೊನ್ನೆ ಇಟ್ಟರೆ ಮಹಾಕ್ಷೋಭ. ನಮ್ಮ ಹಾರದ ಮೊದಲ ಮಣಿ ಅರ್ಬುದದ ಮನೆಯಲ್ಲಿದೆ, ನಡುವಿನ 6 ಲಕ್ಷದ ಮನೆಯಲ್ಲಿದೆ. ಲಕ್ಷವೇ ಆರನೆಯ ಮನೆ! ಇಪ್ಪತ್ತನಾಲ್ಕು ಮನೆ ಎಂದರೆ ಯಾವ ವ್ಯವಹಾರಕ್ಕೂ ಸಾಕಾಗಿ ಉಳಿಯುವಷ್ಟು. ಆದರೆ ಸುಮಾರು 1130 ವರ್ಷಗಳ ಮೇಲೆ ನಮ್ಮ ರಾಜ್ಯದವರೇ ಒಬ್ಬರು ಆ ಪಟ್ಟಿಯನ್ನು ಮೀರುವ ಸಂಖ್ಯೆಯನ್ನು ಬಾಯಲ್ಲೇ ಹೇಳಿದರು.

ಅವರು ಶಕುಂತಲಾದೇವಿ. 1929ರ ನವೆಂಬರ್ 4ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್‌ನಲ್ಲಿದ್ದವರು. ಕ್ರಮವಾದ ಶಾಲಾ ಶಿಕ್ಷಣ ಅವರಿಗೆ ಸಿಗಲಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ 7686369774870 ಮತ್ತು 2465099745779 ಎಂಬ ಎರಡು ಸಂಖ್ಯೆಗಳನ್ನು ಕೊಟ್ಟರು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಯಾವ ನಿಯಮವೂ ಇಲ್ಲದೆ ಆರಿಸಿದ ಹದಿಮೂರು ಅಂಕಿಗಳ ಸಂಖ್ಯೆಗಳು ಅವು. 28 ಸೆಕೆಂಡುಗಳಲ್ಲಿ ಅವರು ಹೇಳಿದ ಉತ್ತರ 18947668177995426462773730. ಇದರಲ್ಲಿ 26 ಅಂಕಿಗಳಿವೆ. ಮಹಾವೀರಾಚಾರ್ಯನ ಲೆಕ್ಕದಲ್ಲಿ 189 ಮಹಾಕ್ಷೋಭ ಮತ್ತು ಚಿಲ್ಲರೆ. ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿದರೆ ಮೊದಲ ಕೆಲವು ಅಂಕಿಗಳನ್ನು ತೋರಿಸಿ ಉಳಿದವನ್ನು ಅದು ನುಂಗಿಬಿಡುತ್ತದೆ.

ಈ ಸಂಖ್ಯೆಗೆ ಹಾರದ ಚಂದವಿಲ್ಲ. ಆದರೂ ಅದನ್ನು ನಾವು ಪರೀಕ್ಷಿಸಬಹುದು, ಕಂಪ್ಯೂಟರ್ ಬೇಡ. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿಸಿದರೆ 78. ಮತ್ತೆ ಕೂಡಿಸಿದರೆ 15, ಮತ್ತೆ 6. ಎರಡನೆಯದರ ಅಂಕಿಗಳ ಮೊತ್ತ 74, ಅದು 11, ಕೊನೆಗೆ 2. ಆರೆರಡಲಿ ಹನ್ನೆರಡು, ಅಂದರೆ 3. ಈಗ ಶಕುಂತಲಾದೇವಿಯವರ ಉತ್ತರದ 26 ಅಂಕಿಗಳನ್ನು ಕೂಡಿಸಿ: 138. ಅದು 12, ಅಂದರೆ 3. ತಾಳೆಯಾಯಿತು. ಇದು ಒಂಬತ್ತರ ತಾಳೆ. ಎರಡು ಅಂಕಿ ಅದಲುಬದಲಾಗಿದ್ದರೆ ಇದಕ್ಕೆ ತಿಳಿಯುವುದಿಲ್ಲ, ಅದಕ್ಕೆ ಹನ್ನೊಂದರ ತಾಳೆ ಬೇಕು. ಬಲಗಡೆಯಿಂದ ಒಂದು ಅಂಕಿಯನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಬೇಕು. ಎರಡನೆಯ ಸಂಖ್ಯೆಯಾದ 2465099745779ಕ್ಕೆ ಹೀಗೆ ಮಾಡಿದರೆ ಸರಿಯಾಗಿ ಸೊನ್ನೆ ಬರುತ್ತದೆ. ಅಂದರೆ ಅದು 11ರಿಂದ ಭಾಗವಾಗುತ್ತದೆ. ಹಾಗಿದ್ದರೆ ಉತ್ತರವೂ ಭಾಗವಾಗಲೇಬೇಕು. 26 ಅಂಕಿಗಳಿಗೂ ಮಾಡಿ ನೋಡಿದೆ. ಕೂಡುತ್ತ ಕಳೆಯುತ್ತ ಒಮ್ಮೆ ಋಣ ಹನ್ನೊಂದಕ್ಕೆ ಇಳಿದು, ಎಡತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಸೊನ್ನೆ. ಆ 28 ಸೆಕೆಂಡುಗಳ ಉತ್ತರಕ್ಕೆ ನಾನು ತೆಗೆದುಕೊಂಡದ್ದು ಒಂದು ಕಾಫಿ ಆರುವಷ್ಟು ಹೊತ್ತು.

ಇನ್ನೊಂದು ತಾಳೆಯೂ ಇದೆ, ಅದು ನಮ್ಮನ್ನು ಮತ್ತೆ ಹಾರಕ್ಕೇ ಕರೆದೊಯ್ಯುತ್ತದೆ. 111111ರೊಳಗೆ ಕಂಡ 7, 11, 13ನ್ನು ಗುಣಿಸಿದರೆ 1001. ಯಾವ ಮೂರಂಕಿಯ ಸಂಖ್ಯೆಯನ್ನಾದರೂ 1001ರಿಂದ ಗುಣಿಸಿ, ಅದೇ ಎರಡು ಸಲ ಬರುತ್ತದೆ: 365 ಆದರೆ 365365. ಇದನ್ನೇ ಉಪಯೋಗಿಸಿ ದೊಡ್ಡ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ತುಂಡು ಮಾಡಿ, ಒಂದು ತುಂಡನ್ನು ಕೂಡಿ ಇನ್ನೊಂದನ್ನು ಕಳೆದರೆ, ಉಳಿದದ್ದು ಹೇಳಿಬಿಡುತ್ತದೆ 7, 11, 13ರಲ್ಲಿ ಯಾವುದರಿಂದ ಭಾಗವಾಗುತ್ತದೆ ಎಂದು. ಶಕುಂತಲಾದೇವಿಯವರ ಸಂಖ್ಯೆಯಲ್ಲಿ ಉಳಿಯುವುದು 550. ಅದು 11ರಿಂದ ಭಾಗವಾಗುತ್ತದೆ, 7 ಮತ್ತು 13ರಿಂದ ಆಗುವುದಿಲ್ಲ. ಆದ್ದರಿಂದ ಆ 26 ಅಂಕಿಯೂ ಹಾಗೆಯೇ.

ಅವರದ್ದೇ ಇನ್ನೊಂದು ಸಾಧನೆಯನ್ನು ಜನ ಇದಕ್ಕಿಂತ ಹೆಚ್ಚು ಬೆರಗಿನಿಂದ ಹೇಳುತ್ತಾರೆ. 1977ರಲ್ಲಿ ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಒಂದು ಸಂಖ್ಯೆಯ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದ್ದು. ಉತ್ತರ 546372891. ಈ ಉತ್ತರವನ್ನು ಸ್ವಲ್ಪ ನಿಧಾನವಾಗಿ ನೋಡಿ. 1ರಿಂದ 9ರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿವೆ. ಆದ್ದರಿಂದ ಮೊತ್ತ 45, ಅದು 9ರಿಂದ ಭಾಗವಾಗುತ್ತದೆ. ಆದರೆ ನನ್ನನ್ನು ಕೇಳಿದರೆ 1980ರ ಗುಣಾಕಾರವೇ ಹೆಚ್ಚು ಕಷ್ಟದ್ದು. ಮೂಲ ತೆಗೆಯುವಾಗ, ಸಂಖ್ಯೆ 201 ಅಂಕಿಯದಾದರೂ ಹೇಳಬೇಕಾದದ್ದು ಒಂಬತ್ತೇ ಅಂಕಿ. 23ನೆಯ ಘಾತವಾದ್ದರಿಂದ ದೊಡ್ಡ ಸಂಖ್ಯೆಯ ಕೊನೆಯಲ್ಲಿ ಮೂಲದ ಕೊನೆಯ ಅಂಕಿಗಳ ಗುರುತು ಉಳಿದಿರುತ್ತದೆ. 91ರಲ್ಲಿ ಮುಗಿಯುವ ಸಂಖ್ಯೆಯ 23ನೆಯ ಘಾತ 71ರಲ್ಲೇ ಮುಗಿಯಬೇಕು. ಮೊದಲ ಅಂಕಿಗಳನ್ನು ಲಾಗರಿತಮ್ ಬಾಯಿಪಾಠವಿದ್ದವರು ಅಂದಾಜು ಮಾಡಬಹುದು. ಗುಣಾಕಾರದಲ್ಲಿ ಅಂಥ ಒಳದಾರಿಗಳಿಲ್ಲ. 26 ಮನೆಗಳನ್ನೂ ತುಂಬಲೇಬೇಕು. ಇದನ್ನು ಹೇಳುವುದು ಅವರನ್ನು ಸಣ್ಣವರು ಮಾಡುವುದಕ್ಕಲ್ಲ, ಬೆರಗು ಎಲ್ಲಿ ಇರಬೇಕೋ ಅಲ್ಲಿ ಇಡುವುದಕ್ಕೆ.

ನಾನು ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಹೋದವನು. ಮೊದಲ ಸೆಮಿಸ್ಟರಿನಲ್ಲಿ ಫ್ಯಾಕ್ಟರ್ ಎಂದರೆ ನಾವು ಕಲಿತ ಅಪವರ್ತನವೇ, ಪ್ರೈಮ್ ಎಂದರೆ ನಮ್ಮ ಅವಿಭಾಜ್ಯವೇ ಎಂದು ಹೊಂದಿಸಿಕೊಳ್ಳುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತಿತ್ತು. ಹಳ್ಳಿಯ ಸರ್ಕಾರಿ ಶಾಲೆಯವರಿಗೆ ಗಣಿತ ಒಗ್ಗುವುದಿಲ್ಲ ಎಂಬ ಮಾತು ಅಲ್ಲಿ ಕಿವಿಗೆ ಬಿದ್ದದ್ದೂ ಉಂಟು. ಆಗ ನನ್ನ ಬಳಿ ಉತ್ತರವಾಗಿ ಹೇಳಲು ಈ ಹಾರ ಇರಲಿಲ್ಲ. ಪದ ಮಾತ್ರ ಬೇರೆ, ಒಡೆಯುವ ಕೆಲಸ ಒಂದೇ ಎಂದು ಗೊತ್ತಾದ ಮೇಲೆ ನನಗೆ ತೊಂದರೆಯಾಗಲಿಲ್ಲ. ಆ ಕೆಲಸವನ್ನು ಇದೇ ಶಾಲೆಯ ಕರಿಹಲಗೆಯ ಮೇಲೆ, ಸೀಮೆಸುಣ್ಣ ಮುರಿದು ಚೂರಾಗುವವರೆಗೂ ನಮ್ಮ ಮೇಷ್ಟ್ರು ಮಾಡಿಸಿದ್ದರು. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಮೊದಲು 3ರಿಂದ ಹೋಗುತ್ತದೋ ನೋಡು ಎನ್ನುತ್ತಿದ್ದರು. ಸಾವಿರದ ಇನ್ನೂರು ವರ್ಷಗಳ ಹತ್ತಿರ ಹತ್ತಿರದ ಆ ಹಾರವನ್ನು ಬಿಚ್ಚಲು ನನಗೆ ಬೇಕಾದದ್ದೂ ಅಷ್ಟೇ.

ಈಗ ಓದುತ್ತಿರುವ ಮಕ್ಕಳಿಗಾಗಿ ಒಂದು ಲೆಕ್ಕ ಬಿಟ್ಟು ಹೋಗುತ್ತೇನೆ. ನಾಲ್ಕು, ಐದು, ಆರು, ಎಂಟು, ಒಂಬತ್ತು ಒಂದುಗಳ ವಿಷಯ ಮೇಲೆ ಬಂತು. ಏಳನ್ನು ಬೇಕೆಂದೇ ಬಿಟ್ಟಿದ್ದೇನೆ. 1111111 ಎರಡೇ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಒಂದಕ್ಕೆ ಮೂರು ಅಂಕಿ, ಇನ್ನೊಂದಕ್ಕೆ ನಾಲ್ಕು. ಮೊಬೈಲ್ ಮುಟ್ಟದೆ ಹುಡುಕಬೇಕು. 3ರಿಂದ ಹೋಗುವುದಿಲ್ಲ, ಅದನ್ನು ನಾನೇ ಹೇಳಿಬಿಡುತ್ತೇನೆ. ಉತ್ತರ ಸಿಕ್ಕವರು ಅದನ್ನು ಶಾಲೆಯ ಸೂಚನಾ ಫಲಕದಲ್ಲಿ ಹೆಸರಿನೊಂದಿಗೆ ಬರೆದಿಡಲಿ, ಮುಂದಿನ ಸಲ ಊರಿಗೆ ಬಂದಾಗ ಓದುತ್ತೇನೆ.